ಅಪ್ಪನಿಗೆ ಕಾಣುತ್ತಿದ್ದ ಅರ್ಧ

ನಾನು ಸಿನಿಮಾದಲ್ಲಿ ಫೋಕಸ್ ಎಳೆಯುವವಳು. ಕ್ಯಾಮೆರಾ ನಡೆಸುವವರು ಬೇರೆ, ಹೆಸರು ಮಾಡುವವರು ಬೇರೆ. ಕ್ಯಾಮೆರಾದ ಪಕ್ಕಕ್ಕೆ ನಿಂತು, ಎದುರಿಗಿರುವವರಲ್ಲಿ ಯಾರು ಸ್ಪಷ್ಟವಾಗಿ ಕಾಣಬೇಕು, ಯಾರು ಮಸುಕಾಗಬೇಕು ಎಂದು ಲೆನ್ಸ್ ತಿರುಗಿಸುವುದು ನನ್ನ ಕೆಲಸ. ಸರಿಯಾಗಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೂದಲೆಳೆಯಷ್ಟು ತಪ್ಪಿದರೂ ಇಡೀ ಸೆಟ್ಟು ತಿರುಗಿ ನನ್ನನ್ನೇ ನೋಡುತ್ತದೆ. ಇಷ್ಟು ವರ್ಷದಲ್ಲಿ ಹೊಗಳಿಕೆ ಕೇಳಿದ್ದು ಕಡಿಮೆ, ಬೈಗುಳ ಹೊಟ್ಟೆತುಂಬ.

ಬೈದವರಲ್ಲಿ ಒಬ್ಬರು ಮಾತ್ರ ಕಲಿಸಿದರು. ಗೂಡಲೂರಿನ ಕಡೆ ಒಂದು ಎಸ್ಟೇಟಿನಲ್ಲಿ ಚಿತ್ರೀಕರಣ. ಮಗು ಸತ್ತ ತಾಯಿಯ ದೃಶ್ಯ. ನಿರ್ದೇಶಕರಿಗೆ ಅವಳ ಕಣ್ಣೀರು ಹತ್ತಿರದಿಂದ ಬೇಕು. ಪಾಪ, ಆ ನಟಿ ಬೆಳಿಗ್ಗೆಯಿಂದ ಅತ್ತು ಅತ್ತು ಮೂಗು ಕೆಂಪಾಗಿತ್ತು. ನಮ್ಮ ಛಾಯಾಗ್ರಾಹಕರು ಅದನ್ನೆಲ್ಲ ಬದಿಗಿಟ್ಟು, ಕ್ಯಾಮೆರಾವನ್ನು ತೀರ ಕೆಳಗಿಳಿಸಿ, ನೆಲದ ಮೇಲೆ ಕೂತ ಹೆಂಗಸಿನ ಕಣ್ಣಿನ ಮಟ್ಟಕ್ಕೆ ತಂದು, ಅವಳು ನೋಡುವ ಕಡೆಗೇ ತಿರುಗಿಸಿದರು. ಸಮಾಧಾನ ಹೇಳಲು ಬಂದವರ ಸೊಂಟದಿಂದ ಕೆಳಗಷ್ಟೇ ಕಾಣುತ್ತಿತ್ತು. ಪಂಚೆಗಳು, ಸೀರೆಯ ನೆರಿಗೆಗಳು, ಟೀ ಲೋಟ ಹಿಡಿದ ಕೈಗಳು. ಒಂದು ಲೋಟದ ಅಂಚಿನಲ್ಲಿ ಟೀ ಕೆನೆಗಟ್ಟುತ್ತಿತ್ತು. ಫೋಕಸನ್ನು ಅಲ್ಲಿಗೆ ತಂದು ನಿಲ್ಲಿಸು, ಕದಲಬೇಡ ಎಂದರು. ಊಟದ ಹೊತ್ತಿನಲ್ಲಿ ನಾನು ಕೇಳಿದ್ದಕ್ಕೆ, ಅನ್ನ ಕಲಸುತ್ತಲೇ ಹೇಳಿದರು: “ಅವಳ ಮುಖ ತೋರಿಸಿದ್ರೆ ಜನ ಅಯ್ಯೋ ಪಾಪ ಅಂತಾರೆ. ಅವಳು ಏನು ನೋಡ್ತಾಳೋ ಅದನ್ನ ತೋರಿಸಿದ್ರೆ ಅವಳೊಳಗೇ ಹೋಗಿ ಕೂರ್ತಾರೆ. ಅಯ್ಯೋ ಅನ್ನೋಕೂ ಆಗಲ್ಲ.”

ಪಾಠ ತಲೆಗೆ ಹೋಯಿತು. ಆಮೇಲೆ ಎಷ್ಟೋ ಕಡೆ ನನ್ನದೇ ಮಾತೆಂಬಂತೆ ಹೇಳಿಕೊಂಡು ತಿರುಗಿದ್ದೂ ಉಂಟು. ಮನೆಯೊಳಗೆ ಅದು ಬೇಕಾದಾಗ ಮಾತ್ರ ಬಹಳ ತಡವಾಗಿ ನೆನಪಾಯಿತು.

ನಮ್ಮದು ನೀಲಗಿರಿಯಲ್ಲಿ, ಸೋಲೂರಿನ ಕಡೆಯ ಒಂದು ಹಟ್ಟಿ. ಒಂದಿಷ್ಟು ಟೀ ತೋಟ, ಅಣ್ಣ ಅತ್ತಿಗೆ ನೋಡಿಕೊಳ್ಳುತ್ತಾರೆ. ಅವ್ವೆ ತೀರಿಕೊಂಡು ಬಹಳ ಕಾಲವಾಯಿತು. ಅಪ್ಪ ಅರವಂಕಾಡಿನ ಮದ್ದುಗುಂಡಿನ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತನಾದವನು. ಬೆಂಕಿಪೆಟ್ಟಿಗೆಯನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕಾದ ಜಾಗ ಅದು. ಮುಖದಲ್ಲಿದ್ದದ್ದನ್ನೂ ಅಲ್ಲೇ ಬಿಟ್ಟು ಬಂದನೇನೋ ಎಂದು ಅವ್ವೆ ಅವನನ್ನು ಗೇಲಿ ಮಾಡುತ್ತಿದ್ದಳು. ನಗುವುದಿಲ್ಲ, ರೇಗುವುದಿಲ್ಲ, ಅಳುವುದಂತೂ ಕೇಳಲೇಬೇಡಿ. ನಾನು ಕ್ಯಾಮೆರಾ ಕಲಿಯಲು ಹೊರಟಾಗ ಊರೆಲ್ಲ ಮಾತಾಡಿತು. “ಹೆಣ್ಣು ಕೂಸಿಗೆ ಆ ಪೆಟ್ಟಿಗೆ ಏಕ?” ಎಂದು ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಜಗುಲಿಯಲ್ಲಿ ಕೂತು ಕೇಳಿದರು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬೆಳಿಗ್ಗೆ ನನ್ನ ಬ್ಯಾಗು ಹೊತ್ತು ಬಸ್ಸಿನವರೆಗೆ ಬಂದ, ಸ್ವೆಟರ್ ಇದೆಯಾ ಎಂದು ಕೇಳಿದ, ಬಸ್ಸು ಹೊರಡುವ ಮೊದಲೇ ತಿರುಗಿ ನಡೆದ. ಅವನಿಗೆ ಸಂತೋಷವೋ ದುಃಖವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಅಪ್ಪ ಒಂದು ಬೆಳಿಗ್ಗೆ ತೋಟದ ಬದುವಿನಲ್ಲಿ ಬಿದ್ದ. ಅಣ್ಣ ಫೋನು ಮಾಡಿದಾಗ ನಾನು ಕೊಚ್ಚಿಯಲ್ಲಿದ್ದೆ. ನಾನು ಚಿತ್ರೀಕರಣ ಬಿಟ್ಟು ಹೊರಡುವಷ್ಟರಲ್ಲಿ ಊಟಿಯ ಆಸ್ಪತ್ರೆ, ಅಲ್ಲಿಂದ ಕೊಯಮತ್ತೂರು, ಕೊನೆಗೆ ಮನೆ. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿದೆ ಎಂದರು. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. ನಾವು ಹೇಳುವ ಮಾತು ಅರ್ಥವಾಗುತ್ತದೋ ಇಲ್ಲವೋ ಹೇಳಲಾಗದು ಎಂದರು. ಬಲಗಡೆಯ ನೋಟವೂ ಹೋಗಿರಬಹುದು ಎಂದು ಡಾಕ್ಟರು ಇನ್ನೇನೋ ಹತ್ತು ಮಾತಿನ ನಡುವೆ ಹೇಳಿದ್ದರಂತೆ. ನಡೆಯಲಾಗದವನಿಗೆ, ಮಾತಾಡಲಾಗದವನಿಗೆ ಅದೊಂದು ದೊಡ್ಡ ವಿಷಯವೇ ಎಂದು ಯಾರೂ ಅದನ್ನು ತಲೆಗೆ ಹಾಕಿಕೊಂಡಿರಲಿಲ್ಲ.

ಗೂಡಲೂರಿನ ಮೇಲೆ ಬಸ್ಸು ಹತ್ತಿಳಿದು ನಾನು ಮನೆ ಮುಟ್ಟುವ ಹೊತ್ತಿಗೆ ಅಂಗಳದ ತುಂಬ ಜನ. ಬಿಳಿ ಮುಂಡಾಸಿನ ಗಂಡಸರು, ಬಿಳಿ ಸೀರೆಯ ಅಜ್ಜಿಯರು, ದೊಡ್ಡ ಪಾತ್ರೆಯಲ್ಲಿ ಕುದಿಯುವ ಟೀ. ತಡವಾಯಿತೆಂದುಕೊಂಡು ಬ್ಯಾಗನ್ನು ಬಾಗಿಲಲ್ಲೇ ಇಳಿಸಿದೆ. ಅತ್ತಿಗೆ ಓಡಿ ಬಂದು ಕೈಹಿಡಿದಳು. “ಇನ್ನೂ ಇದ್ದಾರ. ಹಣ ಕೊಡೋಗ ನೀ ಇರೋಕು ಅಂತ ಕಾದೆವು,” ಎಂದಳು.

ಈ ಹಣದ ವಿಷಯ ಹೇಳಬೇಕು. ನಮ್ಮ ಬಡಗರಲ್ಲಿ ಸಾಯುವವರ ಬಾಯಿಗೆ ಉಗುರಿಗಿಂತ ಚಿಕ್ಕದಾದ ಒಂದು ಚಿನ್ನದ ನಾಣ್ಯವನ್ನು ತುಪ್ಪದಲ್ಲಿ ಅದ್ದಿ ಹಾಕುತ್ತಾರೆ. ಅದು ಆ ಕಡೆಯ ದಾರಿಗೆ ಬುತ್ತಿ. ನುಂಗುವ ಸ್ಥಿತಿ ಇಲ್ಲದಿದ್ದರೆ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುತ್ತಾರೆ. ಉಸಿರಿರುವಾಗಲೇ ಕೊಡಬೇಕು. ಹಣವಿಲ್ಲದೆ ತಂದೆಯನ್ನು ಕಳಿಸಿದ ಮಗನನ್ನು ನಮ್ಮ ಹಟ್ಟಿಗಳು ಸಾಯುವತನಕ ಆಡಿಕೊಳ್ಳುತ್ತವೆ. ಅದಕ್ಕೇ ತಡವಾದೀತೆಂದು ಎಲ್ಲರೂ ಹೆದರುತ್ತಾರೆ. ಬೇಗ ಕೊಟ್ಟುಬಿಟ್ಟರೆ ಏನಾದೀತೆಂದು ಯೋಚಿಸಿದವರನ್ನು ನಾನು ಕಂಡಿಲ್ಲ.

ಅಪ್ಪನ ಮಂಚ ಅವನ ಎಡಗಡೆಯ ಗೋಡೆಗೆ ಒತ್ತಿಕೊಂಡಿತ್ತು. ದಿಂಬಿಗೆ ಒರಗಿಸಿ ಕೂರಿಸಿದ್ದರು. ದೊಡ್ಡಪ್ಪ ತಲೆಯಾಡಿಸಿದರು. ಅಣ್ಣ ಬಲಗಡೆಯ ಸ್ಟೂಲಿನಲ್ಲಿ ಕೂತು, ಚಮಚ ಹಿಡಿದು, ನನ್ನ ಕಡೆ ನೋಡದೆಯೇ ಹೇಳಿದ: “ನೀ ಕ್ಯಾಮೆರಾದವಳು ತಾನೆ. ವೀಡಿಯೋ ಎಡು.”

ನಗಬೇಡಿ. ಈಗ ನಮ್ಮಲ್ಲಿ ಮದುವೆಯ ಹಾಗೆ ಸಾವಿಗೂ ವೀಡಿಯೋ ಇರುತ್ತದೆ. ದೂರದ ಊರಿನಲ್ಲಿರುವವರು ನೋಡಬೇಕಲ್ಲ. ನನ್ನ ಸಣ್ಣ ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಕೈಗೆ ಕೆಲಸ ಸಿಕ್ಕರೆ ಅಳು ನಿಲ್ಲುತ್ತದೆ ಎಂದು ತೆಗೆದೆ. ಮಂಚದ ಕಾಲ ಬಳಿ ನಿಂತು ಅಪ್ಪನ ಮುಖವನ್ನು ಹತ್ತಿರಕ್ಕೆ ತಂದುಕೊಂಡೆ. ಚಮಚ ತುಟಿಗೆ ತಾಗಿತು. ಅಪ್ಪ ಬೆಚ್ಚಿದ. ತುಪ್ಪ ಗಲ್ಲಕ್ಕಿಳಿಯಿತು. ಬಾಯಿ ಮುಚ್ಚಿತು. “ಆತು, ಆತು,” ಎಂದರು ದೊಡ್ಡಪ್ಪ. ಹೆಂಗಸರು ದನಿ ತೆಗೆದು ಅತ್ತರು. ಅಪ್ಪನ ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ. ನಾನು ಮುಖವನ್ನು ಹಿಡಿದೆ, ಬಹಳ ಚೆನ್ನಾಗಿಯೇ ಹಿಡಿದೆ.

ಅಪ್ಪ ಸಾಯಲಿಲ್ಲ.

ಆ ಸಂಜೆ ಸಾಯಲಿಲ್ಲ, ಮರುದಿನವೂ ಇಲ್ಲ. ಮೊದಲು ಜನ ಕಾದರು. ಟೀ ಕುಡಿದರು, ಮತ್ತೆ ಕಾದರು. ದೂರದ ಹಟ್ಟಿಯ ಒಬ್ಬ ಅಜ್ಜಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಅಪ್ಪನ ಕಣ್ಣು ತೆರೆದಿರುವುದನ್ನು ಕಂಡು, “ಇನ್ನೂ ಹೋಗಿಲ್ಲೆಯಾ?” ಎಂದು ಕೇಳಿದಳು. ಬಸ್ಸಿನ ಬಗ್ಗೆ ಕೇಳಿದಂತಿತ್ತು. ನನಗೆ ನಗು ಬಂತು. ಹಿಂದೆಯೇ ಆ ಅಜ್ಜಿಯ ಮೇಲೆ, ಟೀ ಪಾತ್ರೆಯ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಹೋದರು. ಏನೋ ಮೋಸವಾಯಿತೆಂಬಂತೆ ನೋಡಿಕೊಂಡೇ ಹೋದರು.

ಕೊಟ್ಟ ಹಣವನ್ನು ವಾಪಸು ಪಡೆಯುವ ಶಾಸ್ತ್ರ ನಮ್ಮಲ್ಲಿಲ್ಲ. ಹಣ ತೆಗೆದುಕೊಂಡವನು ಹೋದವನೇ. ಅಪ್ಪನ ಎದುರಿಗೇ ಅಪ್ಪನ ಬಗ್ಗೆ “ಒಳ್ಳೆ ಮನುಷ್ಯ ಆಗಿದ್ದ” ಎಂದು ಮಾತಾಡತೊಡಗಿದರು. ಸಾವಿನ ದಿನ ಪಾಪ ಹರಿಸುವ ಹಾಡು ಯಾರು ಹೇಳಬೇಕು, ಯಾವ ಕಡೆ ಹೂಳಬೇಕು, ಎಲ್ಲ ಅವನ ಕಾಲ ಬಳಿ ನಿಂತೇ ತೀರ್ಮಾನವಾಯಿತು. ಕೈಕಾಲು ಆಡಿಸಲು ಊಟಿಯಿಂದ ಬರಬೇಕಿದ್ದ ಹುಡುಗಿಯನ್ನು ಬೇಡವೆಂದು ಅಣ್ಣನೇ ನಿಲ್ಲಿಸಿದ. ಅಣ್ಣ ಕೆಟ್ಟವನಲ್ಲ. ಅಪ್ಪನ ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಅವನೇ. ದೇವರ ಕೆಲಸದ ಹಾಗೆ ಮಾಡುತ್ತಿದ್ದ. ಆದರೆ ಹೆಣಕ್ಕೆ ಮಾಡುವ ಹಾಗೆಯೇ ಮಾಡುತ್ತಿದ್ದ. ಅದನ್ನು ಅವನಿಗೆ ಹೇಳಿದರೆ ಅವನ ಎದೆ ಒಡೆಯುತ್ತಿತ್ತು, ಹೇಳದೆ ಇದ್ದರೆ ನನ್ನದು.

ಅಷ್ಟರಲ್ಲಿ ಅಪ್ಪ ತಿನ್ನುವುದನ್ನು ಬಿಟ್ಟ. ಗಂಜಿ ತಂದರೆ ಹಲ್ಲು ಕಚ್ಚುತ್ತಿದ್ದ. ಚಮಚ ಹತ್ತಿರ ಬಂದರೆ ಸಾಕು, ಮೈಯೆಲ್ಲ ಬಿಗಿಯಾಗುತ್ತಿತ್ತು. ಮಿಕ್ಕ ಹೊತ್ತು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಇರುತ್ತಿದ್ದ. ಅತ್ತಿಗೆ ಬಟ್ಟಲು ಹಿಡಿದು ಕಣ್ಣೊರೆಸಿಕೊಂಡಳು. “ಮಾವಗ ಬೇಡವಾತು. ಬಾಯೇ ತೆರೆಯಿಲ್ಲೆ.” ದೊಡ್ಡಪ್ಪ ಬಂದು ನೋಡಿ, ಜಗುಲಿಯಲ್ಲಿ ಕೂತು, ಕಂಬಳಿ ಹೊದ್ದು, ನಿಧಾನವಾಗಿ ಹೇಳಿದರು. “ಹೋಗೋಕೆ ಮನಸ್ಸು ಮಾಡಿದ್ದಾನ. ಗೋಡೆಗೆ ಮುಖ ಮಾಡಿದವನ ನಾವು ಹಿಡಿಯೋದು ಬೇಡ.”

ಆಗ ಅತ್ತಿಗೆ ಇನ್ನೊಂದು ವಿಷಯ ಹೇಳಿದಳು. ಜನ ಬಂದ ಮರುದಿನ ದಿಂಬಿನ ಬಟ್ಟೆ ತೆಗೆಯುವಾಗ ಮಡಿಕೆಯಲ್ಲಿ ಹಣ ಸಿಕ್ಕಿತ್ತಂತೆ. ಅಪ್ಪ ನುಂಗಿರಲಿಲ್ಲ. ಹೆದರಿ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ದೊಡ್ಡಪ್ಪನ ಮುಖ ಕಪ್ಪಾಯಿತು. ಹಣ ಹೋಗಿಲ್ಲ, ಅದಕ್ಕೇ ಜೀವ ಹೋಗದೆ ನರಳುತ್ತಿದೆ, ಬರುವ ಸೋಮವಾರ ಮತ್ತೆ ಕೊಡಬೇಕು ಎಂದರು. ಅಣ್ಣ ಆ ನಾಣ್ಯವನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ.

ಎಲ್ಲರೂ ಅಪ್ಪನ ಮುಖ ನೋಡಿ ಅಪ್ಪನ ಮನಸ್ಸನ್ನು ಹೇಳುತ್ತಿದ್ದರು. ನಾನೂ ಅದನ್ನೇ ಮಾಡುತ್ತಿದ್ದೆ. ವೀಡಿಯೋವನ್ನು ಮತ್ತೆ ಮತ್ತೆ ಹಾಕಿ, ಮುಖವನ್ನು ದೊಡ್ಡದು ಮಾಡಿ, ಹುಬ್ಬಿನಲ್ಲಿ ಏನಾದರೂ ಇದೆಯೇ, ತುಟಿಯಲ್ಲಿ ಇದೆಯೇ ಎಂದು ಹುಡುಕಿದೆ. ಕಲ್ಲು ಹಿಂಡಿದರೆ ನೀರು ಬಂದೀತೇ. ಲ್ಯಾಪ್‌ಟಾಪನ್ನು ಸಿಟ್ಟಿನಿಂದ ಮುಚ್ಚಿದೆ. ಆಮೇಲೆ ಎಸ್ಟೇಟಿನ ಆ ಟೀ ಲೋಟ ನೆನಪಾಯಿತು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಮುಂಚೆ, ಅಕ್ಕಿ ತುಂಬಿದ ಸಣ್ಣ ಗಂಟಿನ ಮೇಲೆ ಕ್ಯಾಮೆರಾ ಕೂರಿಸಿ, ಅಪ್ಪನ ದಿಂಬಿನ ಮೇಲೇ, ಗೋಡೆಗೂ ಅವನ ಕೆನ್ನೆಗೂ ನಡುವೆ ಇಟ್ಟೆ. ಅವನ ಕಣ್ಣಿನದೇ ಎತ್ತರ, ಅವನ ಕಣ್ಣಿನದೇ ದಿಕ್ಕು. ಚಾಲು ಮಾಡಿ ನಾನು ಹೊರಗೆ ಹೋಗಿ ಬೀನ್ಸ್ ಮುರಿಯುತ್ತ ಕೂತೆ. ಎಂದಿನಂತೆ ಬಂದವರು ಬಂದರು, ಅತ್ತಿಗೆ ಗಂಜಿ ತಂದಳು, ಅಪ್ಪ ಹಲ್ಲು ಕಚ್ಚಿದ, ಗಂಜಿ ವಾಪಸು ಬಂತು.

ಅಣ್ಣನನ್ನು ಕರೆದು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ. ಮಾತು ಅರ್ಥವಾಗುತ್ತದೋ ಇಲ್ಲವೋ ಎಂದಿದ್ದರಲ್ಲ, ಅದಕ್ಕೆ ವೀಡಿಯೋದ ದನಿ ನಿಲ್ಲಿಸಿಬಿಟ್ಟೆ. ಬಲಗಡೆಯ ನೋಟ ಹೋಗಿದೆ ಎಂದಿದ್ದರಲ್ಲ, ಅದಕ್ಕೆ ಅತ್ತಿಗೆಯ ಕಪ್ಪು ಶಾಲನ್ನು ಮಡಿಸಿ ಪರದೆಯ ಬಲ ಅರ್ಧದ ಮೇಲೆ ಇಳಿಬಿಟ್ಟೆ. “ಏನ ಇದು ಆಟ?” ಎಂದ ಅಣ್ಣ. ಸುಮ್ಮನೆ ನೋಡು ಎಂದೆ.

ಎಡ ಅರ್ಧದಲ್ಲಿ ಗೋಡೆ, ಮಂಚದ ಕಾಲ್ದೆಸೆ, ಕಿಟಕಿಯ ಒಂದು ತುಂಡು. ಯಾರೋ ಬಂದರು. ಬರುವಾಗ ಕಾಣಲಿಲ್ಲ, ಏಕೆಂದರೆ ಬಾಗಿಲು ಬಲಕ್ಕಿತ್ತು. ಕಾಲ್ದೆಸೆಯ ಬಳಿ ಇದ್ದಕ್ಕಿದ್ದಂತೆ ಒಂದು ಭುಜ, ಅರ್ಧ ಮುಖ. ಬಾಯಿ ಆಡುತ್ತಿತ್ತು. ಆ ಮುಖ ನಮ್ಮನ್ನು ನೋಡುತ್ತಿರಲಿಲ್ಲ, ನಮ್ಮ ತಲೆಯ ಮೇಲಿಂದ ಇನ್ನಾರನ್ನೋ ನೋಡುತ್ತಿತ್ತು. ಅದೂ ಮಾಯವಾಯಿತು. ಮತ್ತೆ ಗೋಡೆ. ಬಹಳ ಹೊತ್ತು ಬರೀ ಗೋಡೆ. ಅಣ್ಣ ಕೂತಲ್ಲೇ ಅಲುಗಾಡಿದ. ಅವನಿಗೆ ಬೇಜಾರು ಬಂದಿರಬೇಕು. ಆಗ ಶಾಲಿನ ಅಂಚಿನಿಂದ, ಯಾವ ಮುಖವೂ ಇಲ್ಲದೆ, ಯಾವ ಕೈಯೂ ಇಲ್ಲದೆ, ಒಂದು ಚಮಚ ನುಗ್ಗಿತು. ನುಗ್ಗುವ ಹೊತ್ತಿಗೆ ಬಾಯಿಯ ಹತ್ತಿರವೇ ಇತ್ತು.

ಅಣ್ಣ ಹಿಂದಕ್ಕೆ ಸರಿದ. ಅವನು ಹಲ್ಲು ಕಚ್ಚಿಕೊಂಡದ್ದನ್ನು ನಾನು ನೋಡಿದೆ.

ನಾನು ಏನೂ ಹೇಳಬೇಕಾಗಲಿಲ್ಲ. ಮಂಚ ಎಡಗಡೆ ಗೋಡೆಗೆ ಒತ್ತಿದ್ದರಿಂದ ಉಣ್ಣಿಸುವವರು ಬಲಕ್ಕೇ ಕೂರಬೇಕು. ಹಣ ಕೊಟ್ಟ ದಿನವೂ ಅಣ್ಣ ಬಲಕ್ಕೇ ಕೂತಿದ್ದ. ಅಪ್ಪನ ಲೆಕ್ಕದಲ್ಲಿ, ಕತ್ತಲೆಯಿಂದ ಬಂದ ಮೊದಲ ಚಮಚದಲ್ಲಿ ತುಪ್ಪವಿತ್ತು, ಹಣವಿತ್ತು. ಊರ ಎಷ್ಟೋ ಮಂದಿಗೆ ಹಣ ಕೊಟ್ಟದ್ದನ್ನು ನೋಡಿದ ಮನುಷ್ಯ ಅವನು. ರುಚಿ ನೋಡಿಯೇ ಗೊತ್ತಾಗಿರಬೇಕು. ಆಮೇಲೆ ಬಂದ ಪ್ರತಿ ಚಮಚವೂ ಅದೇ ಇರಬಹುದು. ನಾವು ಅನ್ನ ಬೇಡವೆನ್ನುತ್ತಾನೆ ಎಂದುಕೊಂಡೆವು. ಅವನು ಸಾವು ಬೇಡವೆನ್ನುತ್ತಿದ್ದ. ಗೋಡೆಗೆ ಮುಖ ಮಾಡಿದ್ದು ನಮ್ಮನ್ನು ಬಿಟ್ಟು ಹೋಗಲು ಅಲ್ಲ. ಅವನಿಗೆ ಕಣ್ಣಿದ್ದದ್ದೇ ಆ ಕಡೆಗೆ.

ಅಣ್ಣ ಹಣೆ ಚಚ್ಚಿಕೊಂಡು ಅತ್ತ. ದೊಡ್ಡ ಗಂಡಸು ಅಳುವುದನ್ನು ನೋಡಲಾಗದೆ ನಾನು ಬೈದೆ. ಅತ್ತು ಮುಗಿಸಿ ಮಂಚ ತಿರುಗಿಸು ಎಂದೆ.

ಮಂಚ ತಿರುಗಿಸಿದೆವು. ಈಗ ಗೋಡೆ ಬಲಕ್ಕೆ, ಬಾಗಿಲು, ಕೋಣೆ, ಜನ ಎಲ್ಲ ಎಡಕ್ಕೆ. ನಾನು ಎಡಗಡೆ ಕೂತು, ಖಾಲಿ ಚಮಚವನ್ನು ದೂರದಿಂದ ತೋರಿಸಿ, ತಿರುಗಿಸಿ ತೋರಿಸಿ, ಗಂಜಿಯಲ್ಲಿ ಅದ್ದಿ ಮೊದಲು ನಾನೇ ತಿಂದೆ. ಅಪ್ಪ ಚಮಚವನ್ನು ನೋಡಿದ, ನನ್ನನ್ನು ನೋಡಿದ. ಎರಡನೆಯದನ್ನೂ ನಾನೇ ತಿಂದೆ. ಉಪ್ಪು ಹೆಚ್ಚಾಗಿತ್ತು, ಅದನ್ನೂ ಅತ್ತಿಗೆಗೆ ಹೇಳಿದೆ. ಮೂರನೆಯದಕ್ಕೆ ಅಪ್ಪ ಬಾಯಿ ತೆರೆದ. ಆ ಬಟ್ಟಲು ಖಾಲಿಯಾಗುವ ಹೊತ್ತಿಗೆ ನನ್ನ ಕೈ ಸೋತುಹೋಗಿತ್ತು. ಅಷ್ಟು ಸಂತೋಷ ನನಗೆ ಯಾವ ಚಿತ್ರ ಮುಗಿದಾಗಲೂ ಆಗಿಲ್ಲ.

ದೊಡ್ಡಪ್ಪ ಸೋಮವಾರ ಬಂದರು. ಅಪ್ಪ ಅವರನ್ನು ಬಾಗಿಲಿನಿಂದಲೇ ನೋಡಿದ, ಅವರು ಹತ್ತಿರ ಬರುವವರೆಗೂ ನೋಡುತ್ತಲೇ ಇದ್ದ. ದೊಡ್ಡಪ್ಪನಿಗೆ ಆ ನೋಟ ತಡೆಯಲಾಗಲಿಲ್ಲ. ತಮ್ಮನ ಎಡಗೈ ಹಿಡಿದು ಸ್ವಲ್ಪ ಹೊತ್ತು ಕೂತು, ಹಣದ ಮಾತೆತ್ತದೆ ಎದ್ದು ಹೋದರು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಸಿನಿಮಾದವರಾದರೆ ಇಲ್ಲಿಗೇ ನಿಲ್ಲಿಸುತ್ತಿದ್ದರು. ಅಪ್ಪ ಆ ಮಳೆಗಾಲ ಮುಗಿಯುವವರೆಗೆ ಇದ್ದ. ಊಟಿಯ ಹುಡುಗಿ ಮತ್ತೆ ಬಂದು ಕೈಕಾಲು ಆಡಿಸಿದಳು. ಮಾತು ಬರಲಿಲ್ಲ. ಬಲಗೈಯನ್ನು ಅವನು ತನ್ನದೆಂದೇ ತಿಳಿಯುತ್ತಿರಲಿಲ್ಲ. ಅದರ ಮೇಲೆ ನೊಣ ಕೂತರೂ, ಬಿಸಿನೀರು ಬಿದ್ದರೂ ಅವನಿಗೆ ಸುದ್ದಿಯೇ ಇಲ್ಲ. ಚಳಿ ಹಿಡಿದ ಮೇಲೆ ಎದೆ ಕಟ್ಟಿತು. ಇನ್ನು ಆಸ್ಪತ್ರೆಗೆ ಒಯ್ಯಬೇಡಿ ಎಂದು ಮನೆಗೆ ಬಂದ ಡಾಕ್ಟರೇ ಹೇಳಿದರು.

ಕೊನೆಯ ಬೆಳಿಗ್ಗೆ ದೊಡ್ಡಪ್ಪ ಬಂದು ಅಣ್ಣನನ್ನು ನೋಡಿದರು. ಅಣ್ಣ ಜೇಬಿನಿಂದ ಹಣ ಸುತ್ತಿದ ಕಾಗದ ತೆಗೆದ. ಈ ಸಲ ಅವನು ಎಡಗಡೆ ಕೂತ. ತುಪ್ಪವಿಲ್ಲ, ಚಮಚವಿಲ್ಲ. ಹಣವನ್ನು ಅಂಗೈ ಮೇಲಿಟ್ಟು ಅಪ್ಪನಿಗೆ ಕಾಣುವ ಹಾಗೆ ಹಿಡಿದ. “ಅಪ್ಪ, ಇದು ಹಣ,” ಎಂದ. “ನೀ ಒಪ್ಪಿದ್ರೆ ಮಾತ್ರ.”

ಅಪ್ಪ ಬಹಳ ಹೊತ್ತು ನೋಡಿದ. ಕ್ಯಾಮೆರಾ ನನ್ನ ಕೈಯಲ್ಲಿರಲಿಲ್ಲ. ಕಣ್ಣಿಗೆ ಕಾಣುವಂತೆ, ಗೌರವದಿಂದ, ಎದುರು ಹಿಡಿದು ಕೇಳಿದರೆ ಅವನು ಒಪ್ಪುತ್ತಾನೆ ಎಂದು ನಾನು ನಂಬಿದ್ದೆ. ನಾವು ತಿದ್ದಿಕೊಂಡದ್ದು ಅದನ್ನೇ ಅಲ್ಲವೇ. ಅಪ್ಪ ಎಡಗೈ ಎತ್ತಿದ. ಅಣ್ಣನ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಹಣದ ಮೇಲೆ ಮುಚ್ಚಿದ. ಆಮೇಲೆ ಆ ಮುಷ್ಟಿಯನ್ನು ಮೆಲ್ಲಗೆ ಆಚೆ ತಳ್ಳಿದ.

ಅಣ್ಣ ಮುಷ್ಟಿಯನ್ನು ಮಡಿಲಿಗೆ ತಂದುಕೊಂಡ. ಮುಂದೆ ಅಪ್ಪನ ಉಸಿರು ಬಿಟ್ಟು ಬಿಟ್ಟು ಬರತೊಡಗಿತು. ಅಂಗಳದಲ್ಲಿ ಜನ ಸೇರಿದರು. ದೊಡ್ಡಪ್ಪನ ದನಿ ಒಡೆಯಿತು. “ಹೊತ್ತು ಮೀರ್ತಾ ಇದೆ. ಎನ್ನ ತಮ್ಮನ ಬರಿಗೈಯಲ್ಲಿ ಕಳಿಸಬೇಡಿ. ತೋಳಿಗಾದ್ರೂ ಕಟ್ಟೋಣ.” ಅವರು ಬೇಡುತ್ತಿದ್ದರು. ಅಣ್ಣ ಅವರನ್ನು ನೋಡಿದ, ಅಪ್ಪನನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ.

“ಬಲಗಡೆ ಕಟ್ಟಿ, ದೊಡ್ಡಪ್ಪ,” ಎಂದ ಅವನು, ತಗ್ಗಿದ ದನಿಯಲ್ಲಿ. “ಆ ಕಡೆ ಅಪ್ಪಗ ಗೊತ್ತಾಗೋದಿಲ್ಲೆ.”

ಬೇಡ ಎನ್ನಬೇಕೆಂದು ನನ್ನ ಬಾಯಿಯವರೆಗೆ ಬಂತು. ಅಂಗಳದ ಜನರನ್ನು, ನಾಳೆಯಿಂದ ಈ ಹಟ್ಟಿಯಲ್ಲೇ ಬದುಕಬೇಕಾದ ಅಣ್ಣನನ್ನು ನೋಡಿ ನುಂಗಿಕೊಂಡೆ. ಮಂಚವನ್ನು ಗೋಡೆಯಿಂದ ಸ್ವಲ್ಪ ಸರಿಸಿದರು. ನಾನು ಆ ಸಂದಿಗೆ ಹೋಗಿ ಅಪ್ಪನ ಬಲತೋಳನ್ನು ಎತ್ತಿ ಹಿಡಿದೆ. ದೊಡ್ಡಪ್ಪ ಬಟ್ಟೆಯಲ್ಲಿ ಸುತ್ತಿದ ಹಣವನ್ನು ಅದಕ್ಕೆ ಕಟ್ಟಿದರು. ಅಪ್ಪ ಎಡಗಡೆ ಕೂತ ಅಣ್ಣನ ಮುಖವನ್ನು ನೋಡುತ್ತಿದ್ದ, ಅಣ್ಣ ಅವನ ಕಣ್ಣು ಈ ಕಡೆ ತಿರುಗದಂತೆ ಕೈಹಿಡಿದು ಏನೇನೋ ಮಾತಾಡುತ್ತಿದ್ದ.